ಬಾಗಿಲಿಗಡ್ಡ ನಿಂತ ಮೇಕೆ

ಪೆರೇಸಂದ್ರ ಕ್ರಾಸಿನಲ್ಲಿ ಗುಡಿಬಂಡೆ ಬಸ್ಸಿಗೆ ಕಾಯುವವರು ಜೊತೆಗಾರರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವರಾಗಿಯೇ ಬರುತ್ತಾರೆ. ಹೈದರಾಬಾದ್ ಕಡೆಯ ಲಾರಿ ಎಬ್ಬಿಸಿದ ಧೂಳು ಇಳಿಯುವಷ್ಟರಲ್ಲಿ ಪಕ್ಕದಲ್ಲಿ ಒಬ್ಬರು ಪ್ರತ್ಯಕ್ಷರಾಗಿ "ಯಾವೂರಾಯ್ತು?" ಅಂದಿರುತ್ತಾರೆ. ಊರು ಹೇಳಿದರೆ ಯಾರ ಮನೆ, ಮನೆ ಹೇಳಿದರೆ ಯಾರ ಮಗ, ಮಗ ಅಂದರೆ ದೊಡ್ಡೋನೋ ಚಿಕ್ಕೋನೋ. ಕನ್ನಡದಲ್ಲಿ ಶುರುವಾದ ಮಾತು ಯಾವ ಗಳಿಗೆಯಲ್ಲಿ ತೆಲುಗಿಗೆ ಹೊರಳಿತೆಂದು ಇಬ್ಬರಿಗೂ ತಿಳಿಯುವುದಿಲ್ಲ. ಬಸ್ಸು ಬರುವಷ್ಟರಲ್ಲಿ ಅವರ ಮಗಳ ಮದುವೆಯ ಖರ್ಚು ನಮಗೂ, ನಮ್ಮ ಸೊಂಟನೋವು ಅವರಿಗೂ ಬಾಯಿಪಾಠ.

ಇಂಥ ಊರಿನವನಿಗೆ, ವಿಡಿಯೋ ಗೇಮಿನಲ್ಲಿ ನಾಯಕನ ಜೊತೆ ನಡೆಯುವ ಒಂದೇ ಒಂದು ಪಾತ್ರಕ್ಕಾಗಿ ಜನ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ ಅಂದರೆ ನಗು ಬರದೆ ಇರುತ್ತದೆಯೇ? ಹಾಗೆಂದವನು ನನ್ನ ತಮ್ಮನ ಮಗ. ಬೆಂಗಳೂರಿನಲ್ಲಿ ಗೇಮಿನ ಕೆಲಸ ಮಾಡುತ್ತಾನೆ. ಈ ಕಸುಬು ಅಲ್ಲಿ ಹೊಸದೇನಲ್ಲ. ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಕಟ್ಟಿದ್ದು 1997ರಲ್ಲಿ. ಪರದೇಶದ ಗೇಮುಗಳಿಗೆ ಚಿತ್ರದ ಕೆಲಸ ಮಾಡಿಕೊಡುತ್ತಲೇ ಬೆಳೆದ ಆ ಸಂಸ್ಥೆಯನ್ನು 2019ರಲ್ಲಿ ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ನಮ್ಮ ಹುಡುಗ ಇರುವುದು ಬೇರೊಂದು ಕಡೆ. ಹಗಲೆಲ್ಲ ಯಾರದೋ ಗೇಮಿನ ಬಂಡೆಗಳಿಗೆ ಪಾಚಿ ಹತ್ತಿಸುವುದು ಅವನ ಕೆಲಸ. "ಬಂಡೆ ಮೇಲೆ ಪಾಚಿ ಬೆಳೆಸೋಕೆ ಇಂಜಿನಿಯರಿಂಗ್ ಓದ್ಬೇಕಿತ್ತೇನೋ? ಮಳೆ ಬಂದ್ರೆ ಅದೇ ಬೆಳೆಯುತ್ತೆ" ಅನ್ನುವುದು ನಮ್ಮಮ್ಮನ, ಅಂದರೆ ಅವನ ಅಜ್ಜಿಯ, ಬಹುದಿನದ ತಕರಾರು.

ರಾತ್ರಿ ಹೊತ್ತು ಇಬ್ಬರು ಸ್ನೇಹಿತರ ಜೊತೆ ಸೇರಿ ಅವನು ಸ್ವಂತದ್ದೊಂದು ಗೇಮ್ ಮಾಡುತ್ತಿದ್ದಾನೆ. ಗುಡಿಬಂಡೆಯ ಬೈರೇಗೌಡನ ಕೋಟೆಯನ್ನು ಹೋಲುವ ಬೆಟ್ಟ, ಬಂಡೆಗಳ ನಡುವೆ ಮಳೆನೀರಿನ ದೊಣೆಗಳು, ಹತ್ತಲು ಒಬ್ಬ ಹುಡುಗ, ಅವನ ಜೊತೆಗೊಂದು ಮೇಕೆ.

ಮೊದಲಿಗೆ ಅದು ಮೇಕೆಯೇ ಆಗಿರಲಿಲ್ಲ, ಒಬ್ಬ ಮುದುಕ ಆಗಿತ್ತು. ಮೆಟ್ಟಿಲು ಮೆಟ್ಟಿಲಿಗೂ ನಿಂತು ಕೋಟೆಯ ಇತಿಹಾಸ ಹೇಳುವ ಮುದುಕ. ಆಡಿಸಿ ನೋಡಿದರೆ ಒಬ್ಬನೂ ಅವನ ಮಾತಿಗೆ ಕಿವಿಗೊಡಲಿಲ್ಲ. ಎಲ್ಲರೂ ಬಟನ್ ಒತ್ತಿ ಅವನ ಬಾಯಿ ಮುಚ್ಚಿಸಿದರು. (ಈ ಸೌಲಭ್ಯ ನನಗೂ ಇದೆಯೆಂದು ನನ್ನ ಹೆಂಡತಿಗೆ ಯಾರೂ ಹೇಳಬೇಡಿ.) ಮೇಲಾಗಿ ಮುದುಕ ದುಬಾರಿ. ಪಂಚೆ ಗಾಳಿಗೆ ಆಡಬೇಕು, ಮಾತಿಗೆ ತಕ್ಕಂತೆ ತುಟಿ ಆಡಬೇಕು. "ಗಡ್ಡ ಅಲ್ಲಾಡಿಸೋಕೇ ತಿಂಗಳು ಹಿಡಿಯುತ್ತೆ ದೊಡ್ಡಪ್ಪ." ಹಾಗಾಗಿ ಮುದುಕ ಹೋಗಿ ನಾಯಿ ಬಂತು. ನಾಯಿ ಕಡಿದಾದ ಬಂಡೆ ಹತ್ತುವಾಗ ಕಾಲು ಗಾಳಿಯಲ್ಲಿ ತೇಲುತ್ತಿತ್ತು, ನೋಡಿದವರು ನಕ್ಕರು. ಆಗ ಮೂವರಲ್ಲಿ ಒಬ್ಬ ಬುದ್ಧಿವಂತ, ಮೇಕೆ ಮಾಡಿದರೆ ಹೇಗೆ ಅಂದನಂತೆ. ನಿಲ್ಲಬಾರದ ಕಡೆ ನಾಯಿ ನಿಂತರೆ ಗೇಮಿನ ತಪ್ಪು, ಮೇಕೆ ನಿಂತರೆ ಅದರ ಜಾತಿಗುಣ! ಮುದುಕನಿಂದ ಉಳಿದದ್ದು ಗಡ್ಡವೊಂದೇ, ಅದೂ ಅಲ್ಲಾಡದ ಗಡ್ಡ.

ಮೇಕೆಯ ಕಥೆ ಕೇಳಿದ ಮೇಲೆ ಇನ್ನಷ್ಟು ತಿಳಿಯುವ ಚಪಲ ನನಗೂ ಹತ್ತಿತು. ದೊಡ್ಡ ದೊಡ್ಡವರೂ ಹೀಗೇ ಮಾಡಿಕೊಂಡಿದ್ದಾರಂತೆ. ಜಪಾನಿನ ನಿಂಟೆಂಡೊದವರು 1998ರಲ್ಲಿ ತಂದ ಜೆಲ್ಡಾ ಸರಣಿಯ 'ಒಕಾರಿನಾ ಆಫ್ ಟೈಮ್' ಗೇಮಿನಲ್ಲಿ ನಾವಿ ಎಂಬ ಪುಟಾಣಿ ಯಕ್ಷಿಣಿ ಇದ್ದಾಳೆ. ನಾಯಕ ಯಾವ ಶತ್ರುವಿನ ಮೇಲೆ ಕಣ್ಣಿಟ್ಟಿದ್ದಾನೆ ಅಂತ ಆಡುವವರಿಗೆ ತೋರಿಸಲು ಒಂದು ಗುರುತು ಬೇಕಿತ್ತು, ಅಷ್ಟೆ. ಬರೀ ಗುರುತು ಇಡಲು ಯೊಶಿಯಾಕಿ ಕೊಯಿಝುಮಿ ಎಂಬ ವಿನ್ಯಾಸಕಾರನಿಗೆ ಮನಸ್ಸಾಗಲಿಲ್ಲ. ಚೆಲುವೆಯೊಬ್ಬಳನ್ನು ಮಾಡೋಣವೆಂದರೆ ಆಗಿನ ಯಂತ್ರಕ್ಕೆ ಅಷ್ಟು ತ್ರಾಣವಿಲ್ಲ. ಕೊನೆಗೆ ಒಂದು ಬೆಳಕಿನ ಉಂಡೆಗೆ ರೆಕ್ಕೆ ಅಂಟಿಸಿದ. ಉಂಡೆಗೆ ಹೆಸರು ಬಂತು, ಹೆಸರು ಬಂದ ಮೇಲೆ ಬಾಯಿ ಬಂತು. "ಇಲ್ಲಿ ಕೇಳು, ಇಲ್ಲಿ ಕೇಳು" ಎಂದು ಅವಳು ನಾಯಕನ ತಲೆ ತಿಂದದ್ದನ್ನು ಆಡಿದವರು ಇವತ್ತಿಗೂ ಆಡಿಕೊಂಡು ನಗುತ್ತಾರಂತೆ.

ಇದನ್ನು ಕೇಳಿದಾಗ ನನಗೆ ನೆನಪಾದವನು ಕೇಳಿಕೆಯ ಸಾರಥಿ. ನಮ್ಮ ಕಡೆಯ ಕೇಳಿಕೆ ಮೂಡಲಪಾಯಕ್ಕೆ ಹತ್ತಿರದ ನೆಂಟನಾದ ಬಯಲಾಟ. ರಾಜನ ಪಾತ್ರ ತೆರೆ ಸರಿಸಿ ಬಂದ ಕೂಡಲೇ ಸಾರಥಿ ಎದುರು ನಿಂತು, ತಾವು ಯಾರು, ಯಾವ ದೇಶದವರು, ಇಲ್ಲಿಗೆ ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ತಾನು ಯಾರೆಂದು ರಾಜನಿಗೆ ಗೊತ್ತು. ಸಾರಥಿಗೂ ಗೊತ್ತು, ಐದು ನಿಮಿಷದ ಹಿಂದೆ ಇಬ್ಬರೂ ಒಂದೇ ಬೆಂಕಿಕಡ್ಡಿಯಲ್ಲಿ ಬೀಡಿ ಹಚ್ಚಿದ್ದಾರೆ. ಗೊತ್ತಾಗಬೇಕಾದ್ದು ಚಾಪೆ ಹಾಸಿಕೊಂಡು ಕೂತ ನಮಗೆ. ಅಷ್ಟು ಕೇಳುವುದಕ್ಕೆಂದು ಹುಟ್ಟಿದ ಪಾತ್ರ ಬರಬರುತ್ತಾ ರಾಜನ ಮಾತಿಗೆ ಕೊಕ್ಕೆ ಹಾಕಿತು, ಊರಿನ ಪಂಚಾಯ್ತಿ ಮೆಂಬರ ಕಾಲೆಳೆಯಿತು. ನಡುರಾತ್ರಿ ಕಳೆದ ಮೇಲೆ ರಾಜನ ಪದಗಳು ಜೋಗುಳವಾಗಿ ಕೇಳುವ ಹೊತ್ತಿಗೆ, ಎಚ್ಚರವಾಗಿದ್ದವರೆಲ್ಲ ಸಾರಥಿಗಾಗಿಯೇ ಎಚ್ಚರವಾಗಿದ್ದವರು. ಮೊದಲು ಕೆಲಸ, ಆಮೇಲೆ ಸ್ವಭಾವ. ನಾವಿಯದೂ ಅದೇ ಜಾತಕ. ಅಂದಹಾಗೆ ನಮ್ಮ ಕ್ರಾಸಿನವರು ಯಾವ ಕೆಲಸಕ್ಕೆ ಹುಟ್ಟಿದವರೆಂದು ನನಗಿನ್ನೂ ಬಗೆಹರಿದಿಲ್ಲ.

ಸಂಕ್ರಾಂತಿಗೆ ಬಂದಾಗ ಹುಡುಗ ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟು, "ಒಂದು ಕೈ ನೋಡಿ ದೊಡ್ಡಪ್ಪ" ಅಂದ. ಗೇಮ್ ಗೊತ್ತಿಲ್ಲದವರೇ ಇವರಿಗೆ ಬೇಕಂತೆ. ಆ ಅರ್ಹತೆಯಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲೇ ಕಡಿಮೆ. ಹಿದುಕಿದ ಬೇಳೆಗೆ ಅವರೆಕಾಳು ಹಿಸುಕುತ್ತಿದ್ದ ಕೈ ಒರೆಸಿಕೊಂಡು ಕಂಟ್ರೋಲರ್ ಹಿಡಿದೆ. ಎಡ ಹೆಬ್ಬೆರಳಿಗೆ ಹುಡುಗ ನಡೆಯುತ್ತಾನೆ, ಬಲ ಹೆಬ್ಬೆರಳಿಗೆ ಕ್ಯಾಮೆರಾ ತಿರುಗುತ್ತದೆ. ಬಹಳ ಹೊತ್ತು ನಾನು ಆಕಾಶವನ್ನೇ ನೋಡಿದೆ. ಒಂದು ಸಲ ದೊಣೆಗೆ ಬಿದ್ದೆ. ಹೇಗೋ ಕೋಟೆಯ ಕಿರುಬಾಗಿಲು ದಾಟಿ ಒಂದು ಕೋಣೆ ಹೊಕ್ಕರೆ, ಹಿಂದೆಯೇ ಬಂದ ಮೇಕೆ ಸರಿಯಾಗಿ ಬಾಗಿಲಲ್ಲಿ ನಿಂತಿತು. ನಾನು ಒಳಗೆ ಬಂದಿ. ತಳ್ಳಿದೆ, ಕದಲಲಿಲ್ಲ. "ಹೋಯ್, ಸರಿಯೇ ಆ ಕಡೆ!" ಅಂತ ಕೂಗಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ತನಗೇ ಅಂದದ್ದೆಂದು ತಿಳಿದು ಸರಿದುಹೋದಳು. ಮೇಕೆ ಮಾತ್ರ ಅಲ್ಲೇ.

ಹುಡುಗ ಖುಷಿಯಿಂದ ಬರೆದುಕೊಂಡ. ಇದು ಜಗತ್ಪ್ರಸಿದ್ಧ ಕಾಯಿಲೆಯಂತೆ. 2011ರ 'ಸ್ಕೈರಿಮ್' ಗೇಮಿನಲ್ಲಿ ಲಿಡಿಯಾ ಎಂಬ ಬಂಟಳು ಹೀಗೆ ಬಾಗಿಲಿಗಡ್ಡ ನಿಂತು ನಿಂತೇ ಹೆಸರುವಾಸಿಯಾದಳು. ಮದ್ದುಗಳೂ ಇವೆ, ಎಲ್ಲವೂ ಕಣ್ಕಟ್ಟು. ಆಡುವವನು ಬೇರೆ ಕಡೆ ನೋಡುವಾಗ ಜೊತೆಗಾರನನ್ನು ಅನಾಮತ್ತು ಎತ್ತಿ ಬೆನ್ನ ಹಿಂದೆ ಇಟ್ಟುಬಿಡುವುದು ಒಂದು. 2013ರ 'ದಿ ಲಾಸ್ಟ್ ಆಫ್ ಅಸ್' ನಲ್ಲಿ ಅವಿತು ಸಾಗುವಾಗ ಎಲ್ಲೀ ಎಂಬ ಹುಡುಗಿ ಶತ್ರುವಿನ ಮೂಗಿನ ಮುಂದೆಯೇ ಓಡಾಡಿದರೂ ಅವನಿಗೆ ಕಾಣುವುದಿಲ್ಲ; ಕಂಡರೆ ಸಿಕ್ಕಿಬೀಳುವವರು ನಾವು, ಬೈಗುಳ ಅವಳಿಗೆ. ಅದೇ ವರ್ಷದ 'ಬಯೋಶಾಕ್ ಇನ್ಫಿನಿಟ್' ನ ಎಲಿಜಬೆತ್ ಒಬ್ಬಳಿಗೇ ಕಂಪನಿಯೊಳಗೆ 'ಲಿಜ್ ಸ್ಕ್ವಾಡ್' ಎಂಬ ತಂಡವಿತ್ತು. ಅವಳನ್ನು ನಾವು ಕಾಯಬೇಕಾಗಿಲ್ಲ. ಕಾದಾಟದ ನಡುವೆ ಅವಳೇ ನಮಗೆ ಗುಂಡು, ಮದ್ದು ಎಸೆಯುತ್ತಾಳೆ, ಬಿಡುವಿದ್ದಾಗ ಚಿಲ್ಲರೆ ಕಾಸು ಹೆಕ್ಕಿ ಕೊಡುತ್ತಾಳೆ. ಹೀಗೆ ಅಡ್ಡ ಬಾರದ, ಹೊರೆಯಾಗದ, ಕೇಳುವ ಮೊದಲೇ ಕೊಡುವ ಜೊತೆಗಾರ ತಯಾರಾಗುವವರೆಗೆ ಕೆತ್ತುತ್ತಾ ಹೋಗುತ್ತಾರೆ.

ನನಗೇಕೋ ಅದು ಅತಿಯಾಯಿತು ಅನ್ನಿಸಿತು. ಹುಡುಗ ಇನ್ನೊಂದು ತೋರಿಸಿದ: ಫುಮಿತೊ ಊಯೆಡಾ ಮಾಡಿದ 'ದಿ ಲಾಸ್ಟ್ ಗಾರ್ಡಿಯನ್'. 2007ರಲ್ಲಿ ಕೆಲಸ ಶುರುವಾಗಿ, 2009ರಲ್ಲಿ ಜನರ ಬಾಯಲ್ಲಿ ನೀರೂರಿಸಿ, ಒಂದು ಯಂತ್ರಕ್ಕೆಂದು ಮಾಡಿದ್ದನ್ನು ಇನ್ನೊಂದಕ್ಕೆ ಸಾಗಿಸಿ, ಹೊರಬಂದದ್ದು 2016ರ ಡಿಸೆಂಬರಿನಲ್ಲಿ. ಅದರಲ್ಲಿ ಟ್ರಿಕೊ ಎಂಬ ಭಾರಿ ಪ್ರಾಣಿ ಇದೆ, ಒಂದಿಷ್ಟು ಹಕ್ಕಿ, ಒಂದಿಷ್ಟು ನಾಯಿ, ಒಂದಿಷ್ಟು ಬೆಕ್ಕು. ಪುಟ್ಟ ಹುಡುಗ ಕೂಗುತ್ತಾನೆ, ಅದು ಬರುವುದಿಲ್ಲ. ಮತ್ತೆ ಕೂಗುತ್ತಾನೆ, ಅದು ಬೇರೆಲ್ಲೋ ನೋಡುತ್ತದೆ, ಕಿವಿ ಕೆರೆದುಕೊಳ್ಳುತ್ತದೆ, ಮನಸ್ಸಾದಾಗ ಎದ್ದು ಬರುತ್ತದೆ. ಬೇಕೆಂದೇ ಹಾಗೆ ಮಾಡಿದ್ದಂತೆ. ಮಾತು ಕೇಳುವುದಿಲ್ಲವೆಂದು ಬೈದವರೂ ಉಂಟು. ನಾನು ಟ್ರಿಕೊ ಪಕ್ಷ. ಕರೆದ ತಕ್ಷಣ ಬರುವುದಕ್ಕೆ ಲಿಫ್ಟ್ ಇದೆಯಲ್ಲ!

"ಹಾಗಾದ್ರೆ ಮೇಕೆ ಬಾಗಿಲಲ್ಲೇ ನಿಲ್ಲಲಿ ಅಂತೀರಾ?" ಅಂದ. ನಿಲ್ಲಲಿ, ಆದರೆ ಸೊಪ್ಪು ತೋರಿಸಿದರೆ ಸರಿಯಲಿ ಅಂದೆ. ಅವನು ಪೆನ್ಸಿಲ್ಲು ಕಚ್ಚಿಕೊಂಡು ಯೋಚಿಸಿದ. ನನ್ನ ಈ ಸಲಹೆಯಿಂದ ಗೇಮಿಗೆ ಒಂದು ಗೊಬ್ಬಳಿ ಮರ ಸೇರಿತು, ಹುಡುಗನಿಗೆ ಕೊಂಬೆ ಮುರಿಯುವ ವಿದ್ಯೆ ಸೇರಿತು, ಕೆಲಸ ಮೂರು ತಿಂಗಳು ಮುಂದಕ್ಕೆ ಹೋಯಿತು. ಮೇಕೆಯ ಕೊಂಬುಗಳು ಮಾತ್ರ ಮೊಟಕಾದವು. ಉದ್ದವಿದ್ದಾಗ ಕ್ಯಾಮೆರಾಗೆ ಅಡ್ಡ ಬಂದು ಹುಡುಗನ ಮುಖವೇ ಕಾಣುತ್ತಿರಲಿಲ್ಲ.

ಎಲ್ಲ ಮುಗಿಯಿತು ಅಂದುಕೊಳ್ಳುವಾಗ ಅಮ್ಮ ಕನ್ನಡಕ ಏರಿಸಿ ಪರದೆಯ ಹತ್ತಿರ ಬಂದರು. "ಇದು ಹಾಲು ಕೊಡೋದೋ, ಹೋತವೋ?"

ಹುಡುಗ ಪೆಚ್ಚಾದ. ಮೌಸ್ ಹಿಡಿದು ಮೇಕೆಯನ್ನು ನಿಧಾನಕ್ಕೆ ತಿರುಗಿಸಿ, ಎತ್ತಿ, ಕೆಳಗಿನಿಂದ ನೋಡಿದ. "ಅಲ್ಲೇನೂ ಮಾಡೇ ಇಲ್ಲ ಅಜ್ಜಿ." ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲವಂತೆ. ಅಲ್ಲಿಂದಲೇ ಫೋನು ಹೋಯಿತು, ಅರ್ಧ ಗಂಟೆ ವಾದವಾಯಿತು. ಹೆಣ್ಣಾದರೆ ಹಾಲು ಕೊಡಬೇಕು, ಹಾಲು ಕೊಟ್ಟರೆ ಮರಿ ಎಲ್ಲಿ ಅಂತ ಯಾರಾದರೂ ಕೇಳುತ್ತಾರೆ, ಮರಿ ಬಂದರೆ ಅದೂ ಬಾಗಿಲಿಗಡ್ಡ ನಿಲ್ಲುತ್ತದೆ.