ಎರಡಾಣೆ ಕಾರಿನ ಲಕ್ಷಣ ವಿಚಾರ

ಹಳೆಯ ಕಾರುಗಳ ಪ್ರತಿಕೃತಿ ಕಟ್ಟುವುದು ಆಟವೋ ಶಾಸ್ತ್ರವೋ ಎಂಬ ಜಿಜ್ಞಾಸೆ ಹಲಸೂರಿನ ನಮ್ಮ ಮನೆಯಲ್ಲಿ ಬಹುಕಾಲದಿಂದ ನಡೆದಿದೆ. ಆಟ ಎಂಬುದು ಪೂರ್ವಪಕ್ಷ. ಅದನ್ನು ಹಿಡಿದವಳು ನಮ್ಮಕ್ಕ, ದೂರವಾಣಿನಗರದ ಐಟಿಐಯಲ್ಲಿ ಟೆಲಿಫೋನ್ ಜೋಡಿಸಿ ಜೋಡಿಸಿ ರಿಟೈರ್ ಆದವಳು. ಶಾಸ್ತ್ರ ಎಂಬುದು ಸಿದ್ಧಾಂತ. ಅದರ ಪರ ನಾನೊಬ್ಬನೇ ಇರುವುದರಿಂದ ಈ ಪ್ರಬಂಧ ಬರೆಯಬೇಕಾಯಿತು.

ಮೊದಲು ಕಾಲನಿರ್ಣಯ. ಹಳೆಯದೆಲ್ಲ ವಿಂಟೇಜ್ ಅಲ್ಲ. ಇಂಗ್ಲೆಂಡಿನಲ್ಲಿ 1934ರಲ್ಲಿ ಹುಟ್ಟಿದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನವರು 1930ರ ಡಿಸೆಂಬರ್ 31ಕ್ಕೆ ಗೆರೆ ಎಳೆದರು. ಅದರಾಚೆ ಹುಟ್ಟಿದ ಕಾರಿಗೆ ಎಷ್ಟೇ ವಯಸ್ಸಾದರೂ ಆ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ. ಇದನ್ನೇ ನಮ್ಮ ದಂಡು ಪ್ರದೇಶಕ್ಕೆ ಅನ್ವಯಿಸಿದರೆ ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ ಶುದ್ಧ ವಿಂಟೇಜ್. 1882ರ ಸೇಂಟ್ ಮೇರೀಸ್ ಬೆಸಿಲಿಕಾ ಅದಕ್ಕೂ ಹಿರಿಯದಾದ ವೆಟರನ್ ವರ್ಗ. 1940ರ ಎಚ್‌ಎಎಲ್, 1948ರ ಐಟಿಐ ಇವೆಲ್ಲ ನಿನ್ನೆ ಮೊನ್ನೆಯ ಹುಡುಗರು. ಹಲಸೂರಿನ ಸೋಮೇಶ್ವರ ಯಾವ ಕ್ಲಬ್ಬಿಗೂ ನಿಲುಕುವವನಲ್ಲ. ಮದುವೆ ಮೆರವಣಿಗೆಯಲ್ಲಿ ಹೂ ಸುತ್ತಿಕೊಂಡು ಬರುವ ಅಂಬಾಸಡರನ್ನು ವಿಂಟೇಜ್ ಅನ್ನುವವರೊಡನೆ ನಾನು ಮಾತು ಬಿಟ್ಟಿದ್ದೇನೆ.

ಇನ್ನು ಪ್ರಮಾಣ ವಿಚಾರ. ದೊಡ್ಡ ಪ್ರತಿಕೃತಿಗಳಲ್ಲಿ ಶ್ರೇಷ್ಠವೆನಿಸಿದ್ದು 1:8. ಈ ಭಿನ್ನರಾಶಿಗೆ ಹೆದರಬೇಕಿಲ್ಲ, ನಮ್ಮ ಹಿರಿಯರ ಜೇಬಿನಲ್ಲೇ ಅದು ಇತ್ತು. ರೂಪಾಯಿಗೆ ಹದಿನಾರಾಣೆ, ಅದರ ಎಂಟನೇ ಒಂದು ಪಾಲು ಎರಡಾಣೆ. ಆದ್ದರಿಂದ 1:8ರದು ಎರಡಾಣೆ ಕಾರು, 1:16ರದು ಒಂದಾಣೆ ಕಾರು. ಮಕ್ಕಳು ಜೇಬಿನಲ್ಲಿ ತುಂಬಿಕೊಳ್ಳುವ ಹಾಟ್ ವೀಲ್ಸ್ 1:64, ಅಂದರೆ ಸರಿಯಾಗಿ ಮುಕ್ಕಾಸು. 1:43 ಎಂಬುದೊಂದಿದೆ. ಅದು ಯಾವ ನಾಣ್ಯಕ್ಕೂ ಹೊಂದದ ಖೋಟಾ.

ಉದ್ದ ಎರಡಾಣೆಯಾದರೆ ಗಾತ್ರವೂ ಎರಡಾಣೆ ಎಂದುಕೊಳ್ಳುವಲ್ಲಿ ಪಾಮರರು ಎಡವುತ್ತಾರೆ. ಎಂಟೆಂಟ್ಲೆ ಅರವತ್ತನಾಲ್ಕು, ಅದನ್ನು ಮತ್ತೆ ಎಂಟರಿಂದ ಗುಣಿಸಿದರೆ 512. 1929ರಲ್ಲಿ ಹೊರಬಂದ ರೋಲ್ಸ್ ರಾಯ್ಸ್ ಫ್ಯಾಂಟಮ್ 2ರ ಎಂಜಿನ್ 7,668 ಸಿಸಿ. ಎರಡಾಣೆ ಫ್ಯಾಂಟಮ್ಮಿಗೆ ಅದು 15 ಸಿಸಿ, ಅಂದರೆ ಕೆಮ್ಮಿನ ಸಿರಪ್ಪು ಮೂರು ಚಮಚ, ಊಟವಾದ ಮೇಲೆ. ಮೈಸೂರು ಮಹಾರಾಜರು ರೋಲ್ಸ್ ರಾಯ್ಸ್‌ಗಳನ್ನು ಏಳೇಳರಂತೆ ಕೊಳ್ಳುತ್ತಿದ್ದರೆಂಬ ಪ್ರತೀತಿ ಇದೆಯಷ್ಟೆ? ಎರಡಾಣೆಯವನ್ನು ಏಳು ಸಾಲಾಗಿ ನಿಲ್ಲಿಸಿದರೂ ಹದಿನಾಲ್ಕಾಣೆಯೇ ಆಯಿತು. ಮಹಾರಾಜರಿಗೂ ಎರಡಾಣೆ ಸಾಲ.

ಇಂದಿರಾನಗರದ ಕಡೆ ಡಬ್ಬಿ ಪಂಥದವರಿದ್ದಾರೆ. ಇಟಲಿಯ ಪೋಕರ್ ಕಂಪನಿಯ 1:8 ಕಿಟ್ ತರಿಸಿ ಜೋಡಿಸುವವರು. ಆ ಡಬ್ಬಿಯ ಫ್ಯಾಂಟಮ್ 1932ರ ಮಾದರಿಯದು, ಗೆರೆ ದಾಟಿದ್ದು. ಅವರ ವಿಷಯ ಇಲ್ಲಿಗೆ ಸಾಕು.

ಶಾಸ್ತ್ರದ ತಿರುಳಿರುವುದು ಮುಂದೆ. ಕೆಲವು ಪದಾರ್ಥಗಳು ಎಷ್ಟು ಬೇಡಿಕೊಂಡರೂ ಎರಡಾಣೆಗೆ ಇಳಿಯುವುದಿಲ್ಲ. ಬಣ್ಣವನ್ನೇ ನೋಡಿ. ದೊಡ್ಡ ಕಾರಿನ ಮೇಲೆ ಒಂದು ಮಿಲಿಮೀಟರಿನ ಹತ್ತನೇ ಒಂದರಷ್ಟು ಬಣ್ಣವಿದ್ದರೆ ಅಂದ. ಅಷ್ಟನ್ನೇ ಪ್ರತಿಕೃತಿಗೆ ಬಳಿದರೆ ಅದರ ಅಳತೆಯಲ್ಲಿ ಎಂಟು ಪಟ್ಟು ದಪ್ಪವಾಗಿ, ಬಾಗಿಲ ಸಂದೆಲ್ಲ ಮುಚ್ಚಿ, ಫ್ಯಾಂಟಮ್ ಮೇಲೆ ಸೆಟ್ ದೋಸೆ ಹುಯ್ದಂತೆ ಕಾಣುತ್ತದೆ. ಸೀಟಿಗೆ ಹಾಕಿದ ಚರ್ಮದ ರಂಧ್ರಗಳು ದನದ ಅಳತೆಯಲ್ಲೇ ಉಳಿಯುತ್ತವೆ. ಹಳೆ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರದ ಕಡೆಯಿಂದ ಬರುವ ಧೂಳಂತೂ ಅಪ್ಪಟ ಹದಿನಾರಾಣೆ. ಒಂದು ಕಣ ಬಾನೆಟ್ ಮೇಲೆ ಕೂತರೆ ಯಾರೋ ಜಲ್ಲಿ ಇಳಿಸಿ ಹೋದ ಹಾಗಿರುತ್ತದೆ.

ನಾನು ಕಟ್ಟುತ್ತಿದ್ದ ಎರಡಾಣೆ ಫ್ಯಾಂಟಮ್ಮಿನ ಚಕ್ರದ ಕಡ್ಡಿಗೆ ಅರ್ಧ ಮಿಲಿಮೀಟರ್ ತಂತಿ ಬೇಕಿತ್ತು. ಶಿವಾಜಿನಗರದ ಗುಜರಿ ಗಲ್ಲಿಗೆ ಕ್ಷೇತ್ರಕಾರ್ಯಕ್ಕೆ ಹೋದೆ.

‘ಯಾವ ಗಾಡಿಗೆ ಸಾರ್?’ ಅಂದರು ಅಂಗಡಿಯ ಭಾಯ್.

‘ರೋಲ್ಸ್ ರಾಯ್ಸ್. 1929.’

ಭಾಯ್ ನನ್ನ ಚಪ್ಪಲಿ ನೋಡಿದರು. ‘ಅದರದ್ದು ಸಿಗಲ್ಲ ಸಾರ್. ಮಾರುತಿ ಏಟ್ ಹಂಡ್ರೆಡ್‌ದು ಇದೆ, ಅಡ್ಜಸ್ಟ್ ಮಾಡ್ಕೊಳಿ.’

ಎರಡಾಣೆ ಸಿದ್ಧಾಂತವನ್ನು ಸಾದ್ಯಂತ ವಿವರಿಸಿದೆ. ಅವರು ಎದ್ದುಹೋಗಿ ಹಳೆಯ ಸ್ಕೂಟರಿನ ಕ್ಲಚ್ ಕೇಬಲ್ ತಂದು ತುದಿ ಬಿಚ್ಚಿ ತೋರಿಸಿದರು. ಒಳಗೆಲ್ಲ ಉಕ್ಕಿನ ಸಣ್ಣ ಸಣ್ಣ ಎಳೆಗಳು. ನಾನು ಓದಿದ ಯಾವ ಪುಸ್ತಕದಲ್ಲೂ ಇದಿರಲಿಲ್ಲ.

ಎಳೆ ಸಿಕ್ಕಿತು, ಹೆಣೆಯುವುದು ಬರಲಿಲ್ಲ. ಕಡ್ಡಿಗಳು ಒಂದನ್ನೊಂದು ದಾಟಿಕೊಂಡು ಹೋಗಬೇಕು, ಎಳೆತ ಎಲ್ಲದರಲ್ಲೂ ಸಮವಿರಬೇಕು. ಇಲ್ಲವಾದರೆ ಚಕ್ರ ಹಪ್ಪಳದಂತೆ ಸೊಟ್ಟಗಾಗುತ್ತದೆ. ಎರಡು ತಿಂಗಳಲ್ಲಿ ನನಗೆ ಒಂಬತ್ತು ಹಪ್ಪಳವಾದವು. ಬೆರಳೂ ಎರಡಾಣೆಗೆ ಇಳಿಯದ ಪದಾರ್ಥ ಎಂದು ಟಿಪ್ಪಣಿ ಬರೆದುಕೊಳ್ಳುತ್ತಿದ್ದಾಗ ಪೂರ್ವಪಕ್ಷದವಳು ಬಂದು, ‘ತೆಗಿಯೋ ಆ ಇಕ್ಕಳ’ ಅಂದಳು. ಕನ್ನಡಕ ಹಣೆಗೆ ಏರಿಸಿಕೊಂಡು, ಟೀವಿಯಲ್ಲಿ ಧಾರಾವಾಹಿ ಕೇಳಿಸಿಕೊಳ್ಳುತ್ತಲೇ ಒಂದು ಚಕ್ರ ಮುಗಿಸಿದಳು. ತಿರುಗಿಸಿ ನೋಡಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. ನಾಲ್ಕೂ ಮುಗಿದ ಮೇಲೆ, ಫ್ಯಾಂಟಮ್ ಚಕ್ರಗಳಿಗೆ ಎಷ್ಟೋ ವೇಳೆ ಲೋಹದ ತಟ್ಟೆ ಮುಚ್ಚುತ್ತಿದ್ದರು, ನಾವೂ ಮುಚ್ಚಬೇಕು ಎಂಬ ಶಾಸ್ತ್ರವಾಕ್ಯವನ್ನು ಮಂಡಿಸಿದೆ. ಅಕ್ಕ ಇಕ್ಕಳವನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಆ ವಾಕ್ಯವನ್ನು ಪ್ರಕ್ಷಿಪ್ತವೆಂದು ನಾನೇ ಕೈಬಿಟ್ಟೆ.

ನವರಾತ್ರಿಗೆ ಕಾರು ಗೊಂಬೆ ಮೆಟ್ಟಿಲೇರಿತು. ಇಲ್ಲಿ ಹೊಸ ಸಮಸ್ಯೆ. ಐದೂವರೆ ಅಡಿಯ ಮನುಷ್ಯ 1:8ರಲ್ಲಿ ಎಂಟೂಕಾಲು ಅಂಗುಲ. ನಮ್ಮ ಪಟ್ಟದ ಗೊಂಬೆಗಳು ಒಂದಡಿಯವು, ಅವರು ಹತ್ತಿದರೆ ತಲೆ ಚಾವಣಿಗೆ ತಾಗುತ್ತದೆ. ಅಳತೆಗೆ ಸರಿಯಾಗಿ ಹೊಂದಿದ್ದು ಒಬ್ಬನೇ, ದಿನಸಿ ಅಂಗಡಿಯ ಸೆಟ್ಟಿ. ಅಕ್ಕ ಅವನನ್ನೂ ಅವನ ಹೆಂಡತಿಯನ್ನೂ ಫ್ಯಾಂಟಮ್ ಪಕ್ಕದಲ್ಲಿ ಕೂರಿಸಿದಳು. ಎಲ್ಲವೂ ಎರಡಾಣೆಗೆ ಹೊಂದಿತು. ಸೆಟ್ಟಿಯ ಮುಂದೆ ಸುರಿದ ತೊಗರಿಬೇಳೆ ಮಾತ್ರ ಹದಿನಾರಾಣೆ, ಒಂದೊಂದು ಕಾಳೂ ಹೆಡ್‌ಲೈಟಿನ ಬಲ್ಬಿನಷ್ಟಿತ್ತು.