ಕಾರಿಗೊಂದು ಮಾಡು

(ಬದಿಯಡ್ಕದ ಒಂದು ಬಾಡಿಗೆ ಮನೆಯ ಅಂಗಳ. ಪತ್ತನಾಜೆಯ ಮರುದಿನ, ಮಳೆಗಾಲ ಹತ್ತಿರ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿಯಾಗಿದೆ, ಮಾಷ್ಟ್ರ ಕಾರು ಮಾತ್ರ ಇನ್ನೂ ಬಯಲಲ್ಲೇ.)

ಮಾಷ್ಟ್ರು: ಭಟ್ರೇ, ಕಾರಿಗೊಂದು ಮಾಡು ಮಾಡಿಸಲಾ ಅಂತ.

ಭಟ್ರು: ಮಾಡಿಸಿ ಮಾರಾಯ್ರೆ, ಬೇಡ ಅಂದವರು ಯಾರು? ಗುಂಡಿ ತೋಡಬೇಡಿ. ಗೋಡೆಗೆ ಮೊಳೆ ಬೇಡ. ಅಂಗಳಕ್ಕೆ ಕಾಂಕ್ರೀಟೂ ಬೇಡ.

ಮಾಷ್ಟ್ರು: ಮತ್ತೆ ಆಕಾಶಕ್ಕೆ ಕಟ್ಟುವುದಾ?

ಭಟ್ರು: ಹಿಂದೆಲ್ಲ ನಾಲ್ಕು ಅಡಿಕೆ ಕಂಬ, ಮೇಲೆ ಸೋಗೆ. ಮುಗೀತು.

ಮಾಷ್ಟ್ರು: ಕಂಬಕ್ಕೆ ಗುಂಡಿ?

ಭಟ್ರು: ಅದು ತೋಡಬೇಡಿ ಅಂದೆನಲ್ಲ.

ಮಾಷ್ಟ್ರು: ಆನ್‌ಲೈನಲ್ಲಿ ಮಡಚುವ ಟೆಂಟ್ ಉಂಟು.

ಭಟ್ರು: ಅದು ಬೆಂಗಳೂರಿನ ಬಿಸಿಲಿಗೆ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಮಳೆ. ನೈಋತ್ಯದ ಗಾಳಿ ಒಮ್ಮೆ ಎತ್ತಿದರೆ ಪೆರ್ಲ ದಾಟಿ, ಗಡಿಯಾಚೆ ಕರ್ನಾಟಕದ ಸಾರಡ್ಕದಲ್ಲಿ ಬಿದ್ದೀತು. 1967ರಲ್ಲಿ ಮಹಾಜನ ಆಯೋಗ ಬರೆದುಕೊಟ್ಟರೂ ನಮ್ಮ ಕಾಸರಗೋಡಿಗೆ ಆಗದ ಕರ್ನಾಟಕ ವಿಲೀನ, ನಿಮ್ಮ ಟೆಂಟಿಗೆ ಒಂದೇ ಗಾಳಿಯಲ್ಲಿ!

ಮಾಷ್ಟ್ರು: ಹಾಗಾದರೆ ಪೈಂಟಿನ ಡಬ್ಬಿಗಳಲ್ಲಿ ಕಾಂಕ್ರೀಟ್ ತುಂಬಿಸಿ ಜಿಐ ಪೈಪ್ ನಿಲ್ಲಿಸುತ್ತೇನೆ. ಮೇಲೆ ಸಿಲ್ಪಾಲಿನ್, ನೀರು ನಿಲ್ಲದ ಹಾಗೆ ಒಂದು ಕಡೆಗೆ ಇಳಿಜಾರು. ಮನೆ ಬಿಡುವಾಗ ಡಬ್ಬಿ ಸಮೇತ ಹೊರಟೆ.

(ಭಟ್ರು ಅಡ್ಡಿ ಹುಡುಕುತ್ತಾ ಮೇಲೆ ನೋಡಿದರು. ತೆಂಗಿನಮರ ಕಾಯಿ ಬಿಟ್ಟು ತೂಗುತ್ತಿತ್ತು.)

ಭಟ್ರು: ಕಾಯಿ ಬಿದ್ದರೆ?

ಮಾಷ್ಟ್ರು: ನೀವು ಕೊಯ್ಯಿಸಬೇಕು.

ಭಟ್ರು: ಮರ ಹತ್ತುವವರು ಸಿಗಬೇಡವಾ? ಇರಲಿ, ಪೈಪು ಸ್ವಲ್ಪ ಎತ್ತರದ್ದೇ ಹಾಕಿ. ನನ್ನ ಕಟ್ಟಿಗೆ, ಅಡಿಕೆ ಗೋಣಿ, ಮಗನ ಸ್ಕೂಟರ್ ಎಲ್ಲ ಹಿಡಿಸಬೇಕು.

ಮಾಷ್ಟ್ರು: ಕಾರು?

ಭಟ್ರು: ಅದು ತಗಡಿನದ್ದಲ್ವಾ, ನೆನೆದರೆ ಎಂಥ ಆಗ್ತದೆ?