ಕಂಚಿನ ಸಿಪಾಯಿಗೆ ರಜೆಯಿಲ್ಲ

ಎರಡೂ ಮಹಾಯುದ್ಧಗಳಲ್ಲಿ ದುಡಿದ ಮೈಸೂರಿನ ಸಿಪಾಯಿಯೊಬ್ಬ ಇನ್ನೂ ಡ್ಯೂಟಿಯ ಮೇಲಿದ್ದಾನೆ. ವಿಳಾಸ: ತೀನ್ ಮೂರ್ತಿ ವೃತ್ತ, ದೆಹಲಿ. 1922ರಿಂದ ಬಿಸಿಲಿಗೂ ಪಾರಿವಾಳಗಳಿಗೂ ಜಗ್ಗದೆ ನಿಂತಿದ್ದಾನೆ. ಜೊತೆಗೆ ಜೋಧಪುರದವನೊಬ್ಬ, ಹೈದರಾಬಾದಿನವನೊಬ್ಬ. ಮೂವರೂ ಕಂಚಿನವರಾದ್ದರಿಂದ ಬಡ್ತಿ, ಪಿಂಚಣಿ ಎಂದು ಬಾಯಿ ಬಿಡುವುದಿಲ್ಲ. ಸರ್ಕಾರಗಳಿಗೆ ಇಂಥ ಸಿಪಾಯಿಯೇ ಇಷ್ಟ.

ಕಂಚಾಗುವ ಮೊದಲು ಅವನಿಗೆ ಹಸಿವಿತ್ತು, ಮನೆಯಿತ್ತು, ಕುದುರೆಯಿತ್ತು. 1914ರಲ್ಲಿ ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜನಿಗೆ ಗುಂಡು ಬಿತ್ತು. ಬ್ರಿಟನ್ ಯುದ್ಧಕ್ಕಿಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ನಮ್ಮ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್ ಹಡಗು ಹತ್ತಿತು. ಸೂಯೆಜ್ ಕಾಲುವೆಯ ದಡದಲ್ಲಿ ಕಾವಲು. ಹಡಗು ಯಾರದೋ, ಸರಕು ಯಾರದೋ, ಕಣ್ಣಿಗೆ ಬೀಳುವ ಮರಳು ಮಾತ್ರ ನಮ್ಮವನದು. ಖರ್ಚೂ ನಮ್ಮದೇ. 'ಇಂಪೀರಿಯಲ್ ಸರ್ವಿಸ್' ಪಡೆಗಳನ್ನು ಸಾಕುವ ಭಾರ ಆಯಾ ಸಂಸ್ಥಾನದ್ದು; ಅಂದರೆ ಸೇವೆ ಸಾಮ್ರಾಜ್ಯಕ್ಕೆ, ಹುರುಳಿ ಮೈಸೂರಿನಿಂದ. ಸಾಲದ್ದಕ್ಕೆ ಮಹಾರಾಜರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಬೀಗರ ಮನೆಯ ಜಗಳದಲ್ಲಿ ಪೆಟ್ಟು ತಿಂದು, ಹೊರಡುವಾಗ ಮುಯ್ಯಿಯನ್ನೂ ಓದಿಸಿ ಬಂದ ಹಾಗೆ.

1918ರ ಸೆಪ್ಟೆಂಬರ್ 23, ಈಗ ಇಸ್ರೇಲಿನಲ್ಲಿರುವ ಹೈಫಾ. ಟ್ಯಾಂಕು, ವಿಮಾನಗಳೆಲ್ಲ ಯುದ್ಧಕ್ಕಿಳಿದಿದ್ದ ಕಾಲದಲ್ಲಿ ಮೈಸೂರು, ಜೋಧಪುರದ ಸವಾರರು ಈಟಿ, ಕತ್ತಿ ಹಿಡಿದು ಮೆಷಿನ್ ಗನ್ನುಗಳ ಮೇಲೆ ನುಗ್ಗಿದರು. ಮೈಸೂರಿನವರು ಕಾರ್ಮೆಲ್ ಗುಡ್ಡ ಹತ್ತಿದರು, ಜೋಧಪುರದವರು ಊರೊಳಗೆ ನುಗ್ಗಿದರು. ಸಂಜೆಯೊಳಗೆ ಹೈಫಾ ಕೈಗೆ ಬಂತು. ಈ ಯುದ್ಧ ನಿಮಗೆ ಬೇಕಿತ್ತೇ ಎಂದು ಕುದುರೆಯನ್ನು ಯಾರೂ ಕೇಳಿರಲಿಲ್ಲ. ಸವಾರನನ್ನೂ ಕೇಳಿರಲಿಲ್ಲ, ಆದ್ದರಿಂದ ತಾರತಮ್ಯದ ಆರೋಪ ನಿಲ್ಲುವುದಿಲ್ಲ.

ದೇಶಕ್ಕೆ ಇನಾಮು ಬೇಗ ಬಂತು. 1919ರ ಮಾರ್ಚಿನಲ್ಲಿ ರೌಲೆಟ್ ಕಾಯ್ದೆ, ಏಪ್ರಿಲ್‌ನಲ್ಲಿ ಜಲಿಯನ್‌ವಾಲಾ ಬಾಗ್. ಪ್ರತಿಮೆಗೆ ಮಾತ್ರ ಮೂರು ವರ್ಷ ಕಾಯಬೇಕಾಯಿತು.

ಪ್ರತಿಮೆಯ ಬಳಿಯೇ ಆಮೇಲೆ ಬ್ರಿಟಿಷ್ ಸರಸೇನಾಧಿಪತಿಗೆ ದೊಡ್ಡ ಬಂಗಲೆ ಎದ್ದಿತು. ಕಂಚಿನವನ ಎರಡನೆಯ ಮಹಾಯುದ್ಧದ ಸೇವೆ ಇದೇ: ಸಾಹೇಬರ ಬಂಗಲೆ ಮುಂದೆ ಪಹರೆ. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ, ಇಲ್ಲಿನ ಒಬ್ಬ ಜನಪ್ರತಿನಿಧಿಯನ್ನೂ ಕೇಳದೆ, ಭಾರತ ಯುದ್ಧದಲ್ಲಿದೆ ಎಂದು ಘೋಷಿಸಿದರು. ಹಳೆಯ ಪದ್ಧತಿ ಮುರಿಯಬಾರದಲ್ಲ. ಹಿಂದಿನ ಸಲ ಸುಮಾರು 13 ಲಕ್ಷ ಜನ ದುಡಿದಿದ್ದರು; ಈ ಸಲ ಪಡೆ 25 ಲಕ್ಷಕ್ಕೆ ಬೆಳೆಯಿತು. ಮೈಸೂರಿನ ಕಾಲಾಳು ಪಡೆಯನ್ನು ಸಿಂಗಾಪುರಕ್ಕೆ ಕಳಿಸಿದರು. 1942ರ ಫೆಬ್ರವರಿಯಲ್ಲಿ ಸಾಹೇಬರು ಶರಣಾದರು, ಸಿಪಾಯಿ ಜಪಾನೀಯರ ಸೆರೆಯಾದ. ಶರಣಾಗುವಾಗಲೂ ಅವನನ್ನು ಕೇಳಲಿಲ್ಲ.

ಸಾಹೇಬರು ಹೋದರು. ಬಂಗಲೆಗೆ ನೆಹರೂ ಬಂದರು, ಅವರ ನಂತರ ಮ್ಯೂಸಿಯಂ ಬಂತು, ಅದಕ್ಕೆ ಯಾರ ಹೆಸರಿರಬೇಕೆಂಬ ಜಗಳವೂ ಬಂತು. ಹೊರಗೆ ನಿಂತವನದು ಅದೇ ಪಾಳಿ.

2018ರಲ್ಲಿ ಕೊನೆಗೂ ಅಧಿಕಾರಿಗಳ ಕಣ್ಣು ವೃತ್ತದ ಮೇಲೆ ಬಿತ್ತು. ಇಸ್ರೇಲಿನ ಪ್ರಧಾನಿ ಬಂದಿದ್ದಾಗ ಹೊಸ ಹೆಸರಿಟ್ಟರು: ತೀನ್ ಮೂರ್ತಿ ಹೈಫಾ ಚೌಕ. ಗೆದ್ದು ಕೊಟ್ಟ ಊರು ಬೋರ್ಡಿಗೆ ಬಂತು. ಮೈಸೂರು ಬರಲಿಲ್ಲ, ಜೋಧಪುರ ಬರಲಿಲ್ಲ, ಹೈದರಾಬಾದ್ ಬರಲಿಲ್ಲ. ಅವರು ಈಗಲೂ 'ತೀನ್', ಹಾಜರಿ ಪುಸ್ತಕದಲ್ಲಿ ತಲೆ ಎಣಿಸಿ ಬರೆದಂತೆ.